ಇಪ್ಪತ್ತೆರಡು ಕರಿಗಾಲಿನ ಹೇಂಟೆಗಳು

2017ರ ನವೆಂಬರ್‌ನಲ್ಲಿ ನಾನು ಒಂದು ಹಳ್ಳಿಯ ಪಶು ಚಿಕಿತ್ಸಾಲಯದಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ನನ್ನ ಮೂವತ್ತೊಂದು ವರ್ಷದ ನೌಕರಿಯಲ್ಲಿ ಇಪ್ಪತ್ತಾರು ವರ್ಷ ಈ ನಾಲ್ಕು ತಾಲೂಕುಗಳ ಧೂಳು ಕುಡಿದೇ ಹೋಯಿತು. ಈ ಸಂಗತಿ ಅವುಗಳಲ್ಲಿ ಯಾವ ತಾಲೂಕಿನದು, ಯಾವ ಊರಿನದು ಎಂದು ಹೇಳುವುದಿಲ್ಲ. ಆ ಜನ ಇನ್ನೂ ಅಲ್ಲೇ ಇದ್ದಾರೆ. ಅವರಿಗೆ ನಾನು ಬೇಕಾಗಿಲ್ಲ, ಅವರಲ್ಲಿ ಕೆಲವರು ನನಗೂ ಬೇಕಾಗಿಲ್ಲ.

ನಿವೃತ್ತರಾದವರು ಬರೆಯುವ ಅನುಭವ ಕಥನಗಳಲ್ಲಿ ಬರೆದವರೇ ಗೆದ್ದಿರುತ್ತಾರೆ. ಇದು ಹಾಗಲ್ಲ. ಇದರಲ್ಲಿ ತಪ್ಪು ಮಾಡಿದವನು ನಾನು, ಅನುಭವಿಸಿದವಳು ಇನ್ನೊಬ್ಬಳು.

ಮೊದಲು ಈ ಕಡೆಯ ಒಂದು ರೂಢಿ ಹೇಳಬೇಕು. ಕೋಳಿ, ಆಡುಗಳನ್ನು ಇಲ್ಲಿ ‘ಪಾಲಿಗೆ’ ಕೊಡುತ್ತಾರೆ. ಸಾಕಲು ಪುರುಸೊತ್ತಿಲ್ಲದವರು ತಮ್ಮ ಹೇಂಟೆಗಳನ್ನು, ಅಂದರೆ ಹೆಣ್ಣು ಕೋಳಿಗಳನ್ನು, ಬೇರೊಬ್ಬರ ಅಂಗಳಕ್ಕೆ ಬಿಡುತ್ತಾರೆ. ಹೇಂಟೆಗಳು ಒಡೆಯರವೇ. ಎದ್ದ ಮರಿಗಳು ದೊಡ್ಡವಾದ ಮೇಲೆ ಅರ್ಧ ಒಡೆಯರಿಗೆ, ಅರ್ಧ ಸಾಕಿದವರಿಗೆ. ಕಾಗದವೂ ಇಲ್ಲ, ಸಹಿಯೂ ಇಲ್ಲ. ಎಷ್ಟು ಮರಿ ಎದ್ದವು, ಎಷ್ಟನ್ನು ಹದ್ದು ಒಯ್ದಿತು ಎಂದು ಸಾಕಿದವರು ಹೇಳಿದ್ದೇ ಲೆಕ್ಕ. ಹೀಗಾಗಿ ಪಾಲಿಗೆ ಸಾಕುವವರ ಮೇಲೆ ಒಮ್ಮೆ ‘ತುಡುಗು’ ಎಂಬ ಮಾತು ಬಂದರೆ, ಅಂದರೆ ಕಳ್ಳತನದ ಮಾತು ಬಂದರೆ, ಅವರ ಬದುಕು ಮುಗಿದಂತೆಯೇ.

ಕಮಲಾಬಾಯಿ ಬದುಕುತ್ತಿದ್ದುದು ಇದರ ಮೇಲೆ. ಬೌದ್ಧರ ಓಣಿಯವಳು, ನಲವತ್ತೈದರ ಆಸುಪಾಸು, ಏಳನೇ ಇಯತ್ತೆಯವರೆಗೆ ಓದಿದವಳು. ಒಂಬತ್ತು ಮನೆಗಳ ಕೋಳಿ, ಆಡುಗಳು ಆಕೆಯ ಅಂಗಳದಲ್ಲಿ ಪಾಲಿಗಿದ್ದವು. ಆ ಒಂಬತ್ತರಲ್ಲಿ ಬೀರವ್ವನ ಮನೆ ಒಂದು. ಬೀರವ್ವನದು ಕುರಿ ಕಾಯುವ ಮನೆತನ. ಮಳೆಗಾಲದಲ್ಲಿ ಕಪ್ಪು ಎರೆ ಮಣ್ಣಿನ ಹೊಲದ ಕೆಸರು ಕುರಿಯ ಗೊರಸಿಗೆ ಆಗಿಬರುವುದಿಲ್ಲ ಎಂದು ಅವರು ಹಿಂಡು ಹೊಡೆದುಕೊಂಡು ತಂಗಡಗಿ ಕಡೆಯ ಮಡ್ಡಿಯ ಕಲ್ಲುನೆಲಕ್ಕೆ ಹೋಗುತ್ತಿದ್ದರು. ಆ ವರ್ಷ ಹೋಗುವ ಮೊದಲು ಆಕೆ ತನ್ನ ಹತ್ತು ಹೇಂಟೆಗಳನ್ನು ಕಮಲಾಬಾಯಿಗೆ ಪಾಲಿಗೆ ಕೊಟ್ಟಳು. ಹತ್ತಕ್ಕೆ ಹತ್ತೂ ಬಿಳಿಗಾಲಿನವು. ಇಂಡಿ ಕಡೆಯ ತವರಿನಿಂದ ತಂದು ಬೆಳೆಸಿದ ತಳಿ ಅದು, ಆಕೆಗೆ ಅದರ ಮೇಲೆ ಬಲು ಹೆಮ್ಮೆ. ಹರಕೆಗೆ ಕೋಳಿ ಹುಡುಕುವವರು ಬಿಳಿಗಾಲು ಕೇಳುತ್ತಿದ್ದುದರಿಂದ ದೇವರ ಹಿಪ್ಪರಗಿಯ ಸಂತೆಯಲ್ಲಿ ಆಕೆಯ ಬುಟ್ಟಿ ಎಲ್ಲರಿಗಿಂತ ಮೊದಲು ಖಾಲಿಯಾಗುತ್ತಿತ್ತು.

ಆಗಸ್ಟ್ ಕೊನೆಗೆ ಮರಿ ಎದ್ದವು. ಬೀರವ್ವ ಬಂದು ನೋಡಿದಳು. ಎಲ್ಲ ಮರಿಗಳ ಕಾಲೂ ಬೆಳ್ಳಗಿದ್ದವು. ಸಮಾಧಾನದಿಂದ ಕುರಿಯ ಹಿಂದೆ ಹೋದಳು. ದೀಪಾವಳಿ ಕಳೆದು ನವೆಂಬರ್ ಮೊದಲ ವಾರ ಮರಳಿ ಬಂದು ನೋಡುತ್ತಾಳೆ, ಉಳಿದಿದ್ದ ನಲವತ್ತು ಮರಿಗಳಲ್ಲಿ ಇಪ್ಪತ್ತೆರಡರ ಕಾಲು ಕಪ್ಪು! ಅದೂ ಆ ಇಪ್ಪತ್ತೆರಡೂ ಹೇಂಟೆಗಳು. ಹದಿನೆಂಟು ಹುಂಜಗಳ ಕಾಲು ಮಾತ್ರ ಮೊದಲಿನಂತೆ ಬಿಳಿ.

ಇದನ್ನು ನೋಡಿ ಯಾರಾದರೂ ಏನೆಂದುಕೊಳ್ಳುತ್ತಾರೆ? ಮೊಟ್ಟೆ ಇಡುವ ಒಳ್ಳೆಯ ಹೇಂಟೆಗಳನ್ನು ಮಾರಿಕೊಂಡು, ಅವುಗಳ ಜಾಗಕ್ಕೆ ಎಲ್ಲಿಯವೋ ಕರಿಗಾಲಿನವನ್ನು ತಂದು ಬಿಟ್ಟಿದ್ದಾಳೆ ಎಂದೇ. ಬೀರವ್ವ ಅಂಗಳದಲ್ಲೇ ಬೈದಾಡಿ ಹೇಂಟೆಗಳನ್ನೂ ನಲವತ್ತು ಮರಿಗಳನ್ನೂ ತನ್ನ ಮನೆಗೆ ಹೊಡೆದುಕೊಂಡು ಹೋದಳು. ಆಕೆಯ ಮೈದುನ ಮಾಳಪ್ಪ ಪಂಚಾಯಿತಿಯ ಮಾಜಿ ಸದಸ್ಯ. ಮಾಜಿ ಆದಮೇಲೆ ಮಾಡಲು ಕೆಲಸವಿಲ್ಲದೆ ಎಲ್ಲರ ಜಗಳಕ್ಕೂ ಹೆಗಲು ಕೊಡುತ್ತಿದ್ದ ಮನುಷ್ಯ. ಆತ ನನ್ನ ಮೇಲಧಿಕಾರಿಗೆ ಫೋನು ಮಾಡಿಸಿ, ಸರಕಾರಿ ಡಾಕ್ಟರರ ವರದಿ ಬೇಕು ಎಂದು ಕೇಳಿದ. ಮೇಲಧಿಕಾರಿ ನನಗೆ ಹೇಳಿದರು. ನವೆಂಬರ್ 7, ಮಂಗಳವಾರ, ಕಾಲುಬಾಯಿ ಬೇನೆಯ ಲಸಿಕೆ ಹಾಕುವ ದಿನ, ಬೆಳಗಿನಿಂದ ಎತ್ತು ಎಮ್ಮೆಗಳ ಒದೆ ತಿಂದು ಸಿಟ್ಟಿಗೆದ್ದಿದ್ದ ನಾನು ಬೀರವ್ವನ ಮನೆಗೆ ಹೋದೆ.

ಹದಿನೈದು ನಿಮಿಷವೂ ನೋಡಲಿಲ್ಲ. ಜುಟ್ಟು ನೋಡಿ ಹೇಂಟೆ, ಹುಂಜ ಬೇರ್ಪಡಿಸಿದೆ, ಎಣಿಸಿದೆ. ಕಮಲಾಬಾಯಿ ಬಾಗಿಲ ಹೊರಗೇ ನಿಂತಿದ್ದಳು. ಅವಳನ್ನು ಒಳಗೆ ಬಿಟ್ಟಿರಲಿಲ್ಲ.

“ಏನವ್ವ, ಏನ ಹೇಳ್ತಿ ಇದಕ್ಕ?” ಎಂದೆ.

“ಬದಲ ಮಾಡಿಲ್ರಿ ಸಾಹೇಬ್ರ. ನನ್ನ ಹುಂಜಂದು ಕರಿಗಾಲು ಐತಿ. ಅದರ ಹೊಟ್ಟೀಲೆ ಹುಟ್ಟಿದ ಹೇಂಟಿಗೆಲ್ಲಾ ಅಪ್ಪನ ಕಾಲ ಬರ್ತಾವ್ರಿ. ಸಣ್ಣವಿದ್ದಾಗ ಬೆಳ್ಳಗಿರ್ತಾವ, ಎರಡು ತಿಂಗಳಿಗೆ ಕರ್ರಗ ಆಕ್ಕಾವ. ಬಾಗೇವಾಡಿ ಕಡೆ ನಮ್ಮ ತವರಮನ್ಯಾಗ ಹಿಂಗ ನೋಡಕೋತ ಬಂದೇನಿ.”

ಇದು ಆಕೆ ನನಗೆ ಹೇಳಿದ ಮಾತು. ನಾನು ಬರೆದದ್ದು ಬೇರೆ. ‘ಪರಿಶೀಲಿಸಲಾಗಿ, ಹದಿನೆಂಟು ಹುಂಜಗಳು ದೂರುದಾರರ ತಳಿಗೆ ಹೊಂದುತ್ತವೆ. ಇಪ್ಪತ್ತೆರಡು ಹೇಂಟೆಗಳು ಬೇರೆ ಮೂಲದವೆಂದು ಕಂಡುಬರುತ್ತದೆ. ಈ ಬಗ್ಗೆ ಸಾಕಣೆ ಮಾಡಿದವರನ್ನು ವಿಚಾರಿಸಲಾಗಿ, ಸಮರ್ಪಕ ಉತ್ತರ ನೀಡಿರುವುದಿಲ್ಲ.’ ಕೆಳಗೆ ಸಹಿ, ಮೊಹರು. ‘ಸಮರ್ಪಕ ಉತ್ತರ ನೀಡಿರುವುದಿಲ್ಲ’ ಎಂಬುದು ಕಚೇರಿಯ ಸಿದ್ಧ ವಾಕ್ಯ. ಎದುರಿನವರು ಹೇಳಿದ್ದನ್ನು ಬರೆಯಲು ಬೇಸರವಾದಾಗ ನಾವೆಲ್ಲ ಅದನ್ನು ಬರೆಯುತ್ತೇವೆ. ಕೈ ತಾನಾಗಿಯೇ ಓಡುತ್ತದೆ.

ಮುಂದಿನ ಭಾನುವಾರ ಗುಡಿಯ ಕಟ್ಟೆಯ ಮೇಲೆ ಹಿರಿಯರು ಸೇರಿದರು. ವರದಿ ಓದಲು ನನ್ನನ್ನೇ ಕರೆಸಿದರು. ಓದಿದೆ. ಓದಿ ಮುಗಿಸುವುದರೊಳಗೆ ಜನ ಗುಸುಗುಸು ಆರಂಭಿಸಿದ್ದರು.

“ಡಾಕ್ಟ್ರ ಮುಂದ ಹೇಳೇನಿ ನಾ. ಅವರು ಬರಕೊಂಡಿಲ್ಲ,” ಎಂದಳು ಕಮಲಾಬಾಯಿ, ಎಲ್ಲರಿಗೂ ಕೇಳುವಂತೆ. “ಇವು ಅಪ್ಪನ ಕಾಲು ತಗೊಂಡು ಹುಟ್ಟ್ಯಾವ.”

ಮಾಳಪ್ಪ ಎದ್ದು ನಿಂತ. “ಕೇಳ್ರೆಪಾ! ನಮ್ಮ ಹಿರ್ಯಾರು ಏನಂದಾರ? ತಾಯಿಯಂಗ ಮಗಳು, ನೂಲಿನಂಗ ಸೀರಿ. ಈಕಿ ಹೇಳ್ತಾಳ, ಗಂಡಮಕ್ಕಳೆಲ್ಲಾ ತಾಯಿಯಂಗ, ಹೆಣ್ಣಮಕ್ಕಳೆಲ್ಲಾ ಅಪ್ಪನಂಗ ಅಂತ! ಕೋಳಿ ಕದ್ದದ್ದಲ್ದ ಗಾದಿಮಾತೂ ತಿರುವಿ ಹಾಕಾಕತ್ತಾಳ.”

ಕಟ್ಟೆಗೆ ಕಟ್ಟೆಯೇ ನಕ್ಕಿತು. ನಾನೂ ನಕ್ಕೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ಬಿಟ್ಟರೆ ಇಷ್ಟೆಲ್ಲ ಬರೆದು ಪ್ರಯೋಜನವಿಲ್ಲ. ಪಶುವೈದ್ಯಕೀಯದಲ್ಲಿ ಪದವಿ ಪಡೆದ ನಾನು ಆ ಹೆಂಗಸಿನ ಮುಖ ನೋಡುತ್ತಲೇ ನಕ್ಕೆ.

ಆಮೇಲೆ ಪೂಜಾರಿ ತಟ್ಟೆಯಲ್ಲಿ ಭಂಡಾರ ತಂದ. ಭಂಡಾರವೆಂದರೆ ದೇವರ ಅರಿಸಿನ ಪುಡಿ. ಅದನ್ನು ಮುಟ್ಟಿ ಸುಳ್ಳು ಹೇಳಿದವರು ಉಳಿಯುವುದಿಲ್ಲ ಎಂದು ಇಲ್ಲಿನ ನಂಬಿಕೆ. “ಬದಲ ಮಾಡಿಲ್ಲಂತ ಇದನ್ನ ಮುಟ್ಟಿ ಹೇಳು. ಇಲ್ಲಿಗೇ ಬಿಟ್ಟಬಿಡ್ತೇವಿ,” ಎಂದರು ಹಿರಿಯರು. ಅವರ ಮಟ್ಟಿಗೆ ಅದು ಔದಾರ್ಯವೇ.

“ಮುಟ್ಟಂಗಿಲ್ರಿ,” ಎಂದಳು ಕಮಲಾಬಾಯಿ. “ನಮ್ಮ ಮನ್ಯಾಗ ಬೌದ್ಧ ದೀಕ್ಷಾ ತಗೊಂಡೀವಿ. ಆಣಿ, ಹರಕಿ ಬಿಟ್ಟು ಇಪ್ಪತ್ತ ವರ್ಷ ಆತು. ಕೋಳಿ ಸಲುವಾಗಿ ಅದನ್ನ ಮುರಿಯಾಕ ಆಗಂಗಿಲ್ಲ. ಖರೇ ಹೇಳಾಕತ್ತೇನಿ, ನಂಬೂದಾದ್ರ ನಂಬ್ರಿ.”

ಆಣೆ ಮಾಡಲು ಹೆದರಿದಳು, ತುಡುಗು ಖರೇ ಎಂದು ಆ ಕ್ಷಣವೇ ತೀರ್ಮಾನವಾಯಿತು. ನನ್ನ ವರದಿ, ಆಕೆಯ ನಿರಾಕರಣೆ, ಎರಡು ಸಾಕ್ಷಿ ಸಾಕಾದವು. ಪಾಲು ಇಲ್ಲ, ಇನ್ನು ಮುಂದೆ ಊರಲ್ಲಿ ಯಾರೂ ಆಕೆಗೆ ಪಾಲಿಗೆ ಕೊಡಬಾರದು ಎಂದರು. ಅಂದೇ ಸಂಜೆಯೊಳಗೆ ನಾಲ್ಕು ಮನೆಯವರು ಬಂದು ತಮ್ಮ ಆಡು, ಕೋಳಿಗಳನ್ನು ಬಿಚ್ಚಿಕೊಂಡು ಹೋದರು.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದೆ. ಮಾಳಪ್ಪನ ಗಾದೆ ನೆನಪಾಗಿ ಮತ್ತೊಮ್ಮೆ ನಗು ಬಂತು. ನಗುವಿನ ನಡುವೆ ತಲೆಯೊಳಗೆ ಏನೋ ಚುಚ್ಚಿತು. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಹೇಂಟೆ. ಒಂದೇ ಒಂದು ಹುಂಜದ ಕಾಲೂ ಕಪ್ಪಿಲ್ಲ, ಒಂದೇ ಒಂದು ಹೇಂಟೆಯ ಕಾಲೂ ಬಿಳಿಯಿಲ್ಲ. ಒಂದೇ ವಯಸ್ಸಿನ, ಒಂದೇ ಗಾತ್ರದ ಇಪ್ಪತ್ತೆರಡು ಕರಿಗಾಲಿನ ಹೇಂಟೆಗಳನ್ನು ಆ ಬಡವಿ ಎಲ್ಲಿಂದ ತಂದಳು? ಇಷ್ಟು ಅಚ್ಚುಕಟ್ಟಾಗಿ ಯಾವ ಕಳ್ಳನೂ ಕದಿಯುವುದಿಲ್ಲ. ಇಷ್ಟು ಅಚ್ಚುಕಟ್ಟಾಗಿ ಹಂಚುವುದು ಒಂದೇ, ಲಿಂಗ ಕ್ರೋಮೋಸೋಮು. ಬ್ರಷ್ಷು ಬಾಯಲ್ಲೇ ಉಳಿಯಿತು.

ಕಾಲೇಜಿನ ಎರಡನೇ ವರ್ಷದ ಪಾಠ ಅದು. ಕೋಳಿಯ ಕಾಲಿನ ಚರ್ಮಕ್ಕೆ ಎರಡು ಪದರ. ಕೆಳಗಿನ ಪದರದಲ್ಲಿ ಮೆಲನಿನ್ ಎಂಬ ಕಪ್ಪು ಬಣ್ಣ ಕೂಡಬಹುದು. ಅದು ಕೂಡದಂತೆ ತಡೆಯುವ ಒಂದು ಜೀನ್ ಇದೆ. ಆ ತಡೆ ಇದ್ದರೆ ಕಾಲು ಬಿಳಿ, ಇಲ್ಲದಿದ್ದರೆ ಕಪ್ಪು. ಈ ಜೀನ್ ಇರುವುದು ‘ಝಡ್’ ಎಂಬ ಲಿಂಗ ಕ್ರೋಮೋಸೋಮಿನ ಮೇಲೆ. ಹುಂಜಕ್ಕೆ ಎರಡು ಝಡ್, ಹೇಂಟೆಗೆ ಒಂದೇ ಒಂದು. ಹೇಂಟೆಮರಿಗೆ ಆ ಒಂದು ಝಡ್ ಬರುವುದು ಅಪ್ಪನಿಂದ ಮಾತ್ರ. ಅಮ್ಮನ ಝಡ್ ಹೋಗುವುದು ಗಂಡುಮರಿಗೆ. ಅಪ್ಪ ಕರಿಗಾಲಿನವನಾದರೆ ಅವನ ಎರಡೂ ಝಡ್‌ನಲ್ಲಿ ತಡೆ ಇರುವುದಿಲ್ಲ, ಆದ್ದರಿಂದ ಹೆಣ್ಣುಮರಿಗಳ ಕಾಲೆಲ್ಲ ಕಪ್ಪು. ಅಮ್ಮ ಬಿಳಿಗಾಲಿನವಳಾದರೆ ಅವಳಿಂದ ತಡೆ ಪಡೆದ ಗಂಡುಮರಿಗಳ ಕಾಲೆಲ್ಲ ಬಿಳಿ. ಕಪ್ಪು ಹುಟ್ಟಿದ ದಿನವೇ ಕಾಣಬೇಕೆಂದಿಲ್ಲ. ಇಂಥ ಮರಿಗಳಲ್ಲಿ ಅದು ವಾರಗಟ್ಟಲೆ ನಿಧಾನವಾಗಿ ಕೂಡುತ್ತದೆ. ಕಮಲಾಬಾಯಿ ಬಾಗಿಲ ಹೊರಗೆ ನಿಂತು ಮೂರು ವಾಕ್ಯದಲ್ಲಿ ಇಷ್ಟನ್ನೂ ಹೇಳಿದ್ದಳು. ಝಡ್ ಎಂಬ ಪದವೊಂದು ಆಕೆಗೆ ಗೊತ್ತಿರಲಿಲ್ಲ, ಅಷ್ಟೇ.

ಅಂದೇ ಮೇಲಧಿಕಾರಿಯ ಬಳಿ ಹೋದೆ. ವರದಿ ಹಿಂತೆಗೆದುಕೊಳ್ಳುತ್ತೇನೆ ಎಂದೆ.

“ಕೊಟ್ಟ ವರದಿ ಕೊಟ್ಟಂಗ. ಒಂದು ಕೋಳಿ ಕಾಲಿನ ಸಲುವಾಗಿ ಇಲಾಖೆ ತನ್ನ ಮಾತು ನುಂಗಬೇಕೇನ್ರೀ?” ಎಂದರು ಅವರು.

“ಇಲಾಖೆ ಯಾಕ್ರಿ ಸರ್, ನಾ ನುಂಗತೇನಿ,” ಎಂದೆ.

“ನೀವು ನುಂಗೂದು ಬ್ಯಾಡ, ಅಜೀರ್ಣ ಆಗೂದು ನನಗ,” ಎಂದು ಅವರು ಬೇರೆ ಫೈಲು ತೆರೆದರು. ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮಂಗಳವಾರ ಊರಿಗೆ ಹೋಗಿ ಬೀರವ್ವನ ಅಂಗಳದಲ್ಲೇ ನಿಂತು, ನನ್ನ ವರದಿ ತಪ್ಪು, ಈ ಹೇಂಟೆಗಳು ನಿಮ್ಮ ಕೋಳಿಯ ಹೊಟ್ಟೆಯವೇ ಎಂದು ಹೇಳಿದೆ. ಮಾಳಪ್ಪ ಹರಿಹಾಯ್ದ. “ಭಾನುವಾರ ಒಂದ ಹೇಳ್ತೀರಿ, ಮಂಗಳವಾರ ಒಂದ ಹೇಳ್ತೀರಿ. ನಡುವ ಸೋಮವಾರ ಆಕಿ ಮನ್ಯಾಗ ಎಷ್ಟ ಕೋಳಿ ತಿಂದ್ರಿ ಡಾಕ್ಟ್ರ?”

ನನಗೂ ನಾಲಿಗೆ ಇದೆ. ಆಡಬಾರದ್ದನ್ನು ಆಡಿದೆ. ಓಣಿಯ ಜನ ಸೇರಿದರು. ಒಬ್ಬ ನನ್ನ ಮೋಟಾರ್ ಸೈಕಲ್ಲಿನ ಗಾಳಿ ಬಿಟ್ಟ. ಇಷ್ಟರ ನಡುವೆ ಬೀರವ್ವ ಮಾತ್ರ ಸುಮ್ಮನೆ ನಿಂತು ಕೇಳುತ್ತಿದ್ದಳು. “ಅದ ಹೇಂಟಿ, ಅದ ಹುಂಜ, ಇನ್ನೊಮ್ಮಿ ಮರಿ ಮಾಡಿಸಿದ್ರ ಹಿಂಗ ಆಕ್ಕಾವೇನು?” ಎಂದು ಕೇಳಿದಳು.

ಆಗುತ್ತವೆ ಎಂದೆ. ಹೀಗೆಯೇ, ಹೇಂಟೆ ಎಲ್ಲ ಕಪ್ಪು, ಹುಂಜ ಎಲ್ಲ ಬಿಳಿ.

“ಹಂಗಾದ್ರ ಮಾಡಿಸ್ರಿ. ನಿಮ್ಮ ದವಾಖಾನ್ಯಾಗ ಮಾಡಿಸ್ರಿ. ಕೀಲಿ ನನ್ನ ಕೈಯಾಗ ಇರ್ಲಿ. ಕಮಲಿದೂ ಬ್ಯಾಡ, ನಿಮ್ಮದೂ ಬ್ಯಾಡ. ಈ ಮಾಳಪ್ಪಂದೂ ಬ್ಯಾಡ.”

ನವೆಂಬರ್ 16ರಂದು ಹತ್ತು ಹೇಂಟೆಗಳನ್ನೂ ಕಮಲಾಬಾಯಿಯ ಹುಂಜವನ್ನೂ ಚಿಕಿತ್ಸಾಲಯದ ಹಳೆಯ ಔಷಧ ಕೋಣೆಗೆ ತಂದು ಬಿಟ್ಟೆ. ಕಿಟಕಿಗೆ ಜಾಳಿಗೆ ಹೊಡೆಸಿದೆ. ದಿನವೂ ಬೀರವ್ವನೇ ಬಂದು ಬೀಗ ತೆರೆದು, ಕಾಳು ನೀರು ಇಟ್ಟು, ಬೀಗ ಹಾಕಿಕೊಂಡು ಹೋಗಬೇಕು. ಆದರೆ ಮೊದಲ ಮೂರು ವಾರದ ಮೊಟ್ಟೆಗಳನ್ನು ಕಾವಿಗೆ ಇಡುವುದಿಲ್ಲ ಎಂದೆ. ಹೇಂಟೆ ಒಮ್ಮೆ ಹುಂಜವನ್ನು ಕೂಡಿದರೆ ಆ ವೀರ್ಯ ಎರಡು ಮೂರು ವಾರ ಅದರ ಹೊಟ್ಟೆಯಲ್ಲಿ ಜೀವಂತವಿರುತ್ತದೆ. ಈ ಹೇಂಟೆಗಳು ಹತ್ತಾರು ದಿನ ಬೀರವ್ವನ ಅಂಗಳದಲ್ಲಿ ಅವರ ಬಿಳಿಗಾಲಿನ ಹುಂಜದ ಜೊತೆಗಿದ್ದವು. ಅದರ ಒಂದೇ ಒಂದು ಮಗಳು ಈ ಗುಂಪಿನಲ್ಲಿ ಹುಟ್ಟಿ, ಬಿಳಿಗಾಲು ತೋರಿಸಿದರೆ ಕಮಲಾಬಾಯಿಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

“ಮೂರ ವಾರ ಯಾಕ? ಕೋಳಿಗೇನು ಸೂತಕ ಐತೇನು?” ಎಂದು ಮಾಳಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ಊರು ಒಂದು ತಿಂಗಳು ಅದನ್ನೇ ಹೇಳಿ ನಕ್ಕಿತು. ಲಸಿಕೆಗೆ ಹೋದಲ್ಲೆಲ್ಲ ನನ್ನನ್ನು ‘ಸೂತಕದ ಡಾಕ್ಟ್ರು’ ಎನ್ನತೊಡಗಿದರು.

ಡಿಸೆಂಬರ್ 15ರಂದು ಮೂವತ್ತು ಮೊಟ್ಟೆಗಳಿಗೆ ಬೀರವ್ವನ ಕೈಯಿಂದಲೇ ಇದ್ದಿಲ ಗುರುತು ಹಾಕಿಸಿ, ಕಾವಿಗೆ ಕುಳಿತಿದ್ದ ಮೂರು ಕೋಳಿಗಳ ಕೆಳಗಿಟ್ಟೆ. ಜನವರಿ 5ರಂದು ಇಪ್ಪತ್ತೇಳು ಮರಿ ಎದ್ದವು. ಪ್ರತಿ ಮರಿಯ ರೆಕ್ಕೆಗೂ ನಂಬರಿನ ಬಿಲ್ಲೆ ಹಾಕಿ, ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದು ಬೀರವ್ವನಿಗೆ ಕೊಟ್ಟೆ. ಅದರ ಕೆಳಗೆ, ‘ಇವುಗಳಲ್ಲಿ ಕಾಲು ಕಪ್ಪಾಗುವುದೆಲ್ಲ ಹೇಂಟೆ, ಬಿಳಿ ಉಳಿಯುವುದೆಲ್ಲ ಹುಂಜ. ಒಂದು ತಪ್ಪಿದರೂ ನನ್ನ ಮೊದಲ ವರದಿಯೇ ಸರಿ’ ಎಂದು ಬರೆದು ಸಹಿ ಹಾಕಿದೆ.

ಮೊದಲ ವಾರದ ಚಳಿಗೆ ಮೂರು ಮರಿ ಸತ್ತವು. “ಅವು ಬಿಳಿಗಾಲಿನ ಹೇಂಟಿ ಇದ್ವು, ಅದಕ್ಕ ಕುತ್ತಿಗಿ ಮುರದಾರ,” ಎಂದ ಮಾಳಪ್ಪ. ಹತ್ತು ದಿನವೂ ತುಂಬದ ಮರಿಯ ಕಾಲಿನ ಬಣ್ಣ, ಗಂಡು ಹೆಣ್ಣು ಆತನಿಗೆ ಹೇಗೆ ಗೊತ್ತಾಯಿತೋ!

ಪ್ರತಿ ಶುಕ್ರವಾರ ಹತ್ತು ಗಂಟೆಗೆ ಬೀಗ ತೆಗೆದು ಎಲ್ಲ ಮರಿಗಳನ್ನೂ ನೋಡುವುದು. ಬೀರವ್ವ ಬರುತ್ತಿದ್ದಳು, ಕಮಲಾಬಾಯಿಯೂ ಬರುತ್ತಿದ್ದಳು. ಒಬ್ಬಳು ಬಾಗಿಲ ಬಲಕ್ಕೆ, ಒಬ್ಬಳು ಎಡಕ್ಕೆ. ಒಂದು ದಿನವೂ ಅವರಿಬ್ಬರ ನಡುವೆ ಮಾತಿಲ್ಲ. ನಾನು ಮಾತಾಡಿಸಿದರೆ ಬೀರವ್ವ ಎರಡು ಮಾತು ಆಡುತ್ತಿದ್ದಳು, ಕಮಲಾಬಾಯಿ ಒಂದನ್ನೂ ಆಡುತ್ತಿರಲಿಲ್ಲ. ಜನವರಿ ಮುಗಿಯುವ ಹೊತ್ತಿಗೆ ಆಕೆಯ ಅಂಗಳದಲ್ಲಿ ಪಾಲಿಗೆ ಉಳಿದಿದ್ದವು ಎರಡೇ ಮನೆಯ ಆಡುಗಳು. ಆಕೆ ದಿನಗೂಲಿಗೆ ತೊಗರಿ ಕೊಯ್ಯಲು ಬೇರೆ ಊರಿಗೆ ಹೋಗತೊಡಗಿದ್ದಳು. ಶುಕ್ರವಾರದ ಕೂಲಿ ಬಿಟ್ಟು ಇಲ್ಲಿಗೆ ಬರುತ್ತಿದ್ದಳು.

ಐದನೇ ವಾರ ಕಾಲು ಬಿಳಿ. ಆರನೇ ವಾರವೂ ಬಿಳಿ. “ಡಾಕ್ಟ್ರ, ಬಣ್ಣ ಯಾವತ್ತ ಹಚ್ಚಾವ್ರದೀರಿ? ನಾ ಬೇಕಾದ್ರ ಡಬ್ಬಿ ತಂದ ಕೊಡ್ತೇನಿ,” ಎಂದ ಮಾಳಪ್ಪ. ನನಗೆ ನಿಜಕ್ಕೂ ಹೆದರಿಕೆ ಹತ್ತಿತು. ಪುಸ್ತಕ ತಪ್ಪಲ್ಲ ಎಂದು ಗೊತ್ತಿತ್ತು. ಆದರೆ ಆ ಹುಂಜ ಯಾವುದು, ಅದರ ಹಿಂದಿನವು ಏನು, ಮೂರು ವಾರ ಸಾಕಾಯಿತೋ ಇಲ್ಲವೋ ಯಾರಿಗೆ ಗೊತ್ತು? ಎಲ್ಲರೂ ಹೋದ ಮೇಲೆ ಕಮಲಾಬಾಯಿಗೆ, “ಇನ್ನೂ ಬಂದಿಲ್ಲವಲ್ಲ,” ಎಂದುಬಿಟ್ಟೆ.

“ಬರ್ತಾವ,” ಎಂದಳು. ಅಷ್ಟೇ ಅಂದು ಹೋದಳು. ಆಕೆಗೆ ನನಗಿಂತ ಹೆಚ್ಚು ಧೈರ್ಯವಿತ್ತು. ಆಕೆ ಅದನ್ನು ಕಣ್ಣಾರೆ ನೋಡಿದ್ದಳು, ನಾನು ಓದಿದ್ದೆ ಅಷ್ಟೇ.

ಏಳನೇ ಶುಕ್ರವಾರ ಬೀರವ್ವ ಹನ್ನೊಂದನೇ ನಂಬರಿನ ಮರಿಯನ್ನು ಹಿಡಿದು ಬೆಳಕಿಗೆ ತಂದಳು. ಕಾಲ ಮೇಲೆ ಬೂದಿ ತಾಗಿದಂತಿತ್ತು. ಸೆರಗಿನ ತುದಿಗೆ ಉಗುಳು ಹಚ್ಚಿ ತಿಕ್ಕಿದಳು. ಹೋಗಲಿಲ್ಲ. ಮತ್ತೆ ಜೋರಾಗಿ ತಿಕ್ಕಿದಳು. ಮರಿ ಚೀರಿತೇ ಹೊರತು ಬಣ್ಣ ಬಿಡಲಿಲ್ಲ. ಬೀರವ್ವ ಮೆಲ್ಲಗೆ ಮರಿಯನ್ನು ಕೆಳಗೆ ಬಿಟ್ಟಳು. ಅಂದು ಬೀಗ ಹಾಕುವಾಗ ಕೀಲಿಯನ್ನು ಎರಡು ಸಲ ತಿರುವಿ ನೋಡಿದಳು, ಬೀಗವೇ ಮೋಸ ಮಾಡಿತೇನೋ ಎಂಬಂತೆ.

ಎಂಟನೇ ವಾರಕ್ಕೆ ಎಂಟು ಮರಿ, ಒಂಬತ್ತಕ್ಕೆ ಹನ್ನೆರಡು. ಒಂಬತ್ತನೇ ವಾರ ಒಂದು ವಿಘ್ನ ಬಂತು. ನಾಲ್ಕನೇ ನಂಬರಿನ ಹೇಂಟೆಯ ಕಾಲು ಬಿಳಿಯೂ ಅಲ್ಲ, ಕಪ್ಪೂ ಅಲ್ಲ, ಪಾಚಿಯ ಹಸಿರು. “ಇದು ಯಾರ ಮಗಳ್ರಿ? ಗಿಳೀದೇನು?” ಎಂದು ಮಾಳಪ್ಪ ಕುಣಿದ. ಚರ್ಮದ ಮೇಲಿನ ಪದರದ ಮಾತು ಈಗ ಹೇಳಬೇಕಾಯಿತು. ಮೇವಿನಲ್ಲಿರುವ ಹಳದಿಯನ್ನು ಆ ಪದರದಲ್ಲಿ ಇಟ್ಟುಕೊಳ್ಳುವ ಗುಣ ಕೆಲವು ಕೋಳಿಗಳಿಗಿರುತ್ತದೆ. ಅದು ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಹೊರಗೆ ಕಾಣುತ್ತದೆ, ಒಬ್ಬರಿಂದ ಬಂದರೆ ಅಡಗಿ ಕೂರುತ್ತದೆ. ಕೆಳಗೆ ಕಪ್ಪು, ಮೇಲೆ ಹಳದಿ, ಎರಡೂ ಕೂಡಿ ಕಣ್ಣಿಗೆ ಹಸಿರು. ನಾನು ಇಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಮೊದಲ ಬಾರಿ ಕಮಲಾಬಾಯಿ ಬೀರವ್ವನ ಕಡೆ ತಿರುಗಿ ಮಾತಾಡಿದಳು.

“ನೀ ಹೊಡಕೊಂಡು ಹೋದ ಇಪ್ಪತ್ತೆರಡರಾಗೂ ಇಂಥವು ಎರಡು ಅದಾವ. ಮನಿಗೆ ಹೋಗಿ ನೋಡು.”

ಬೀರವ್ವ ಹೋಗಿ ನೋಡಿ ಬಂದಳು. ಎರಡಿದ್ದವು. ಅಷ್ಟು ಕಪ್ಪಿನ ನಡುವೆ ನಾವ್ಯಾರೂ ಅವನ್ನು ಬೇರೆಯಾಗಿ ನೋಡಿರಲಿಲ್ಲ.

ಮಾರ್ಚ್ 16ರಂದು ಹತ್ತು ವಾರ ತುಂಬಿತು. ಇಪ್ಪತ್ತನಾಲ್ಕು ಮರಿ. ಜುಟ್ಟು ಕೆಂಪೇರಿದ ಹುಂಜ ಹನ್ನೊಂದು, ಹನ್ನೊಂದರ ಕಾಲೂ ಬಿಳಿ. ಹೇಂಟೆ ಹದಿಮೂರು, ಹನ್ನೆರಡರ ಕಾಲು ಕಪ್ಪು, ಒಂದರದು ಹಸಿರು. ಬಿಳಿಗಾಲಿನ ಹೇಂಟೆ ಒಂದೂ ಇಲ್ಲ. ಬಾಗಿಲಲ್ಲಿ ಸೇರಿದ್ದ ಹತ್ತು ಹದಿನೈದು ಜನರಲ್ಲಿ ಒಬ್ಬ, ರಾತ್ರಿ ಯಾರೋ ಬದಲು ಮಾಡಿರಬೇಕು ಎಂದ.

ಬೀರವ್ವ ಸೊಂಟದ ಕೀಲಿ ಬಿಚ್ಚಿ ಎತ್ತಿ ಹಿಡಿದಳು. “ಕೀಲಿ ನಾಕ ತಿಂಗಳ ನನ್ನ ನಡಕ್ಕ ಐತಿ. ನಂಬರ ಹಾಳಿ ನನ್ನ ಟ್ರಂಕಿನ್ಯಾಗ ಐತಿ. ಬದಲ ಆಗಿದ್ರ ತುಡುಗಿ ನಾನ. ಹೇಳ್ರಿ, ಯಾರ ಅಂತೀರಿ?” ಮಾಳಪ್ಪ ಅಂದು ಬಂದಿರಲಿಲ್ಲ.

ತಿದ್ದುಪಡಿ ವರದಿ ಬರೆದು ಕಮಲಾಬಾಯಿಯ ಕೈಗೆ ಕೊಡಲು ಹೋದೆ. ಆಕೆ ಕೈ ಚಾಚಲಿಲ್ಲ. “ನನಗ್ಯಾಕ್ರಿ? ನಾ ತುಡುಗು ಮಾಡಿಲ್ಲಂತ ನನಗ ಗೊತ್ತೈತಿ. ಅದ ಕಟ್ಟಿ ಮ್ಯಾಲ, ಅದ ಮಂದಿ ಮುಂದ ಓದ್ರಿ,” ಎಂದಳು.

ಮರುದಿನ ಶನಿವಾರ, ಯುಗಾದಿಯ ಹಿಂದಿನ ದಿನ, ಕಟ್ಟೆಯ ಮೇಲೆ ನಿಂತು ಓದಿದೆ. ‘ನನ್ನ ಮೊದಲ ವರದಿ ತಪ್ಪು’ ಎಂಬ ನಾಲ್ಕು ಪದದಿಂದಲೇ ಆರಂಭಿಸಿದೆ. ನವೆಂಬರಿನಲ್ಲಿ ಅಷ್ಟು ನಕ್ಕಿದ್ದ ಜನ ಈಗ ಕೆಮ್ಮುತ್ತಿದ್ದರು, ಬೀಡಿ ಹಚ್ಚುತ್ತಿದ್ದರು. ತಪ್ಪಾಯಿತು ಎಂದು ಹಿರಿಯರಲ್ಲಿ ಒಬ್ಬನೂ ಹೇಳಲಿಲ್ಲ. “ಆತು ಬಿಡವಾ, ಆದದ್ದ ಆಗಿ ಹೋತು,” ಎಂದರು. ನಾಲ್ಕು ತಿಂಗಳು ಒಬ್ಬಳನ್ನು ಕಳ್ಳಿ ಎಂದವರಿಗೆ ಅಷ್ಟು ಸಾಕಾಯಿತು.

ಬೀರವ್ವ ನಲವತ್ತು ಕೋಳಿಗಳನ್ನೂ ಬುಟ್ಟಿಗಳಲ್ಲಿ ತರಿಸಿದ್ದಳು. ಕಮಲಾಬಾಯಿ ಸರಿಯಾಗಿ ಎಣಿಸಿ ತನ್ನ ಪಾಲು ತೆಗೆದುಕೊಂಡಳು. ಹನ್ನೊಂದು ಹೇಂಟೆ, ಒಂಬತ್ತು ಹುಂಜ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

“ತಪ್ಪಾತವಾ ಕಮಲಿ. ಈ ಹತ್ತೂ ಹೇಂಟಿ ನೀನ ಇಟಗೋ ಪಾಲಿಗೆ, ಮೊದಲಿನಂಗ,” ಎಂದಳು ಬೀರವ್ವ.

“ಬ್ಯಾಡಕ್ಕಾ. ಇನ್ನೊಬ್ಬರ ಕೋಳಿ ಇನ್ನ ನನ್ನ ಅಂಗಳದಾಗ ಕಾಳ ಹೆಕ್ಕೂದು ಬ್ಯಾಡ.”

ಬುಟ್ಟಿ ಹೊತ್ತು ಹೊರಟ ಆಕೆಯ ಹಿಂದೆ ನಾಲ್ಕು ಹೆಜ್ಜೆ ಹೋದೆ. ನಾನೂ ತಪ್ಪು ಮಾಡಿದೆ ಎಂದೆ. ಕ್ಷಮಿಸುತ್ತಾಳೆ, ಒಂದು ಒಳ್ಳೆಯ ಮಾತು ಆಡುತ್ತಾಳೆ ಎಂಬ ಆಸೆ ಒಳಗಿತ್ತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಆಕೆ ನಿಂತಳು. “ಸಾಹೇಬ್ರ, ಅವತ್ತ ನಾ ಹೇಳಿದ್ದು ಒಂದ ಸಾಲ ಬರಕೊಂಡಿದ್ರ ಸಾಕಿತ್ತು. ಅವರಂತೂ ಓದಿಲ್ಲ, ಬರದಿಲ್ಲ. ನೀವು ಓದಿದಾವ್ರು. ಕೋಳಿ ಕಾಲ ಕರ್ರಗ ಆಗೂತನಾ ಕಾದು ನಂಬಿದ್ರಿ. ನಾ ಬಾಯಿಬಿಟ್ಟ ಹೇಳಿದಾಗ ನಂಬಲಿಲ್ಲ. ಮಾಫ್ ಮಾಡಂಗಿಲ್ರಿ ನಾ.”

ತಿದ್ದುಪಡಿ ವರದಿಯನ್ನು ಮೇಲಧಿಕಾರಿ ಫೈಲಿಗೆ ಸೇರಿಸಲಿಲ್ಲ, ಪ್ರಕರಣ ಮುಗಿದಿದೆ ಎಂದರು. ಹೀಗಾಗಿ ಯಾವುದೋ ಕಪಾಟಿನಲ್ಲಿ ಇಂದಿಗೂ ನನ್ನ ಸಹಿಯ ಕೆಳಗೆ ಆಕೆ ‘ಸಮರ್ಪಕ ಉತ್ತರ’ ಕೊಡದವಳಾಗಿಯೇ ಉಳಿದಿದ್ದಾಳೆ. 2021ರಲ್ಲಿ ನಿವೃತ್ತನಾಗುವವರೆಗೆ ನಾನು ಆ ಸಿದ್ಧ ವಾಕ್ಯವನ್ನು ಮತ್ತೆ ಬರೆಯಲಿಲ್ಲ. ಮೊದಲು ಎದುರಿನವರ ಮಾತು, ಅವರ ಬಾಯಲ್ಲಿ ಬಂದ ಹಾಗೆಯೇ, ಆಮೇಲೆ ನನ್ನ ಅಭಿಪ್ರಾಯ. ನೌಕರಿ ನನಗೆ ಕಲಿಸಿದ ಪಾಠ ಅಷ್ಟೇ. ಕಲಿಸಲು ತೆಗೆದುಕೊಂಡ ಬೆಲೆಯನ್ನು ಮಾತ್ರ ಬೇರೆಯವರಿಂದ ವಸೂಲು ಮಾಡಿತು.

ಮುಂದಿನ ವರ್ಷ ಆ ಊರಿನಲ್ಲಿ ಕೋಳಿಗಳಿಗೆ ರೋಗ ಬಿದ್ದಾಗ ಕಮಲಾಬಾಯಿಯ ಮನೆಗೆ ಹೋಗಬೇಕಾಯಿತು. ಅಂಗಳದ ತುಂಬ ಆಕೆಯವೇ ಕೋಳಿಗಳು, ಎಲ್ಲಿ ನೋಡಿದರೂ ಕರಿಗಾಲು. ಸತ್ತವೆಷ್ಟು, ಯಾವಾಗಿನಿಂದ, ಲಕ್ಷಣವೇನು ಎಂದು ಕೇಳಿ ನಮೂನೆಯ ಮೇಲೆ ಬರೆದುಕೊಂಡೆ. ಸಹಿ ಮಾಡಲು ಪೆನ್ನು ಕೊಟ್ಟರೆ ಆಕೆ ತೆಗೆದುಕೊಳ್ಳಲಿಲ್ಲ.

“ಮೊದಲ ಏನ ಬರದೀರಿ ಓದ್ರಿ,” ಎಂದಳು.

ಓದಿದೆ. ‘ಸುಮಾರು ನಾಲ್ಕು ದಿನದಿಂದ’ ಎಂದಿದ್ದ ಕಡೆ ಕೈ ಎತ್ತಿ ನಿಲ್ಲಿಸಿದಳು. “ಸುಮಾರು ಅಂತ ನಾ ಹೇಳಿಲ್ಲ. ನಾಕ ದಿನ ಅಂದೇನಿ. ತಗೀರಿ ಅದನ್ನ.”

ತೆಗೆದೆ. ಆಮೇಲೆ ಸಹಿ ಮಾಡಿದಳು.